ಆಡುಸೋಗೆ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮ ಮನೆಯ ಬೇಲಿಯಿಂದ ಆಡುಸೋಗೆಯ ಕಡ್ಡಿ ಕೇಳಿಕೊಂಡು ಬರುವವರು ಪ್ರತಿ ವರ್ಷವೂ ಇರುತ್ತಾರೆ. ಕಡ್ಡಿ ಒಯ್ದವರು ತಿಂಗಳು ಕಳೆಯುವಷ್ಟರಲ್ಲಿ ಒಂದಿಲ್ಲೊಂದು ಪ್ರಶ್ನೆ ಹಿಡಿದುಕೊಂಡು ಮರಳುವುದೂ ರೂಢಿಯೇ ಆಗಿದೆ. ಈ ಗಿಡಕ್ಕೆ ಉಪೇಕ್ಷೆಗಿಂತ ಉಪಚಾರವೇ ಹೆಚ್ಚು ಅಪಾಯಕಾರಿ ಎಂಬುದು ಆ ಪ್ರಶ್ನೆಗಳನ್ನು ಕೇಳುತ್ತ ಕೇಳುತ್ತ ನನಗೆ ಮನವರಿಕೆಯಾದ ಸಂಗತಿ. ಆಗಾಗ ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ.

ನಮ್ಮ ಹಿತ್ತಲಿನಲ್ಲಿರುವುದು ಆಡುಸೋಗೆಯೇ ಎಂದು ಗುರುತಿಸುವುದು ಹೇಗೆ?

ಆಡುಸೋಗೆ ವರ್ಷವಿಡೀ ಹಸಿರಾಗಿರುವ ಪೊದೆಗಿಡ. ಸಾಮಾನ್ಯವಾಗಿ ಆಳೆತ್ತರಕ್ಕೆ ಬೆಳೆಯುತ್ತದೆ; ಸವರದೆ ಬಿಟ್ಟರೆ ಇನ್ನೂ ಮೇಲೇರುತ್ತದೆ. ಎಲೆಗಳು ಗೆಣ್ಣಿಗೆ ಎರಡರಂತೆ ಎದುರುಬದುರಾಗಿ ಮೂಡುತ್ತವೆ. 10ರಿಂದ 20 ಸೆಂಟಿಮೀಟರ್ ಉದ್ದದ ಈ ಎಲೆ ದೂರದಿಂದ ಮಾವಿನ ಎಲೆಯಂತೆ ಕಂಡರೂ ಮುಟ್ಟಿದರೆ ಅದರಷ್ಟು ಗಡುಸಿಲ್ಲ, ಮಡಿಸಿದರೆ ಮುರಿಯದೆ ಬಾಗುತ್ತದೆ. ಗೆಣ್ಣುಗಳು ಸ್ವಲ್ಪ ಉಬ್ಬಿರುತ್ತವೆ. ಎಲೆಯನ್ನು ಅಂಗೈಯಲ್ಲಿ ಹೊಸಕಿದರೆ ಒಂದು ಬಗೆಯ ಘಾಟು ವಾಸನೆ ಏಳುತ್ತದೆ, ನಾಲಿಗೆಗೆ ತಾಗಿಸಿದರೆ ಕಹಿ ಬಹಳ ಹೊತ್ತು ಬಿಡುವುದಿಲ್ಲ.

ಹೂವು ಬಿಟ್ಟಾಗ ಗುರುತಿಸುವುದು ಇನ್ನೂ ಸುಲಭ. ರೆಂಬೆಯ ತುದಿಯಲ್ಲಿ ಹಸಿರು ಉಪದಳಗಳು ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಜೋಡಿಸಿಕೊಂಡ ಗಿಡ್ಡ ತೆನೆ ಮೂಡಿ, ಅದರ ನಡುನಡುವಿನಿಂದ ಬಿಳಿಯ ಹೂಗಳು ಹೊರಬರುತ್ತವೆ. ಪ್ರತಿ ಹೂವಿಗೂ ಎರಡು ತುಟಿ. ಕೆಳತುಟಿಯ ಮೇಲೆ ಗಂಟಲಿನ ಕಡೆಗೆ ಸಾಗುವ ನೇರಳೆ ಗೀರುಗಳಿರುತ್ತವೆ. ಬಾಯ್ದೆರೆದ ಸಿಂಹದ ಮುಖದಂತಿದೆ ಎಂದು ಸಂಸ್ಕೃತದಲ್ಲಿ ಇದಕ್ಕೆ ಸಿಂಹಾಸ್ಯ ಎಂಬ ಹೆಸರೂ ಇದೆ. ವಾಸಾ, ವಾಸಕ, ವೃಷ, ಅಟರೂಷ ಎಂಬ ಹೆಸರುಗಳನ್ನು ಆಯುರ್ವೇದದ ಔಷಧಿ ಬಾಟಲಿಗಳ ಮೇಲೆ ಕಂಡರೆ ಅವೆಲ್ಲವೂ ಇದೇ ಗಿಡವೆಂದು ತಿಳಿಯಬೇಕು. ಇಂಗ್ಲಿಷಿನಲ್ಲಿ ಇದನ್ನು ಮಲಬಾರ್ ನಟ್ ಎನ್ನುತ್ತಾರೆ. ಇದರಲ್ಲಿ ತಿನ್ನುವಂಥ ಬೀಜವೂ ಇಲ್ಲ, ಗಿಡ ಮಲಬಾರಿಗೆ ಮಾತ್ರ ಸೇರಿದ್ದೂ ಅಲ್ಲ. ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾದವರೆಗೆ ಕಾಣಸಿಗುತ್ತದೆ.

ಆಡು ಇದನ್ನು ನಿಜವಾಗಿಯೂ ಮುಟ್ಟುವುದಿಲ್ಲವೇ?

"ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆಯನ್ನು ಕೇಳಿದ ಕೂಡಲೇ ಹಳ್ಳಿಯ ಹಿರಿಯರು "ಆಡುಸೋಗೆಯೊಂದನ್ನು ಬಿಟ್ಟು" ಎಂದು ಸೇರಿಸುವುದುಂಟು. ತಮಿಳಿನ ಆಡಾತೋಡೈ ಎಂಬ ಹೆಸರಿಗೂ ಆಡು ಮುಟ್ಟದ್ದು ಎಂಬ ಅರ್ಥವನ್ನೇ ಹೇಳುತ್ತಾರೆ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ಜಸ್ಟಿಸಿಯಾ ಅಢಟೋಡ ಎಂದು ಹೆಸರಿಟ್ಟಾಗ ಆ ಎರಡನೆಯ ಪದ ಬಂದದ್ದು ದಕ್ಷಿಣದ ಈ ಆಡುಮಾತಿನಿಂದಲೇ. ಹಸಿವು ತೀರಾ ಹೆಚ್ಚಾದ ಆಡೊಂದು ಒಂದೆರಡು ಎಲೆಗೆ ಬಾಯಿ ಹಾಕಿದ್ದನ್ನು ನಾನು ಕಂಡಿದ್ದೇನೆ. ಎರಡನೆಯ ಸಲ ಅದು ಆ ಕಡೆ ತಿರುಗಲಿಲ್ಲ. ಬೇಲಿಯ ಲೆಕ್ಕಕ್ಕೆ ಅಷ್ಟು ಸಾಕು.

ಕಡ್ಡಿ ನೆಡುವ ಸರಿಯಾದ ಕ್ರಮ ಯಾವುದು?

ಆಡುಸೋಗೆಯನ್ನು ಹೆಚ್ಚಿಸಲು ಕಡ್ಡಿಗಿಂತ ಸುಲಭವಾದ ದಾರಿಯಿಲ್ಲ. ಜೂನ್ ಮತ್ತು ಜುಲೈ ಇದಕ್ಕೆ ಹೇಳಿ ಮಾಡಿಸಿದ ತಿಂಗಳುಗಳು. ತುದಿಯ ಎಳೆಯ ಹಸಿರು ರೆಂಬೆ ಕೊಳೆಯುತ್ತದೆ, ಬುಡದ ಮುದಿ ರೆಂಬೆ ಚಿಗುರಲು ಬಹಳ ಕಾಲ ಹಿಡಿಯುತ್ತದೆ; ಇವೆರಡರ ನಡುವಿನ, ಪೆನ್ಸಿಲಿನಷ್ಟು ದಪ್ಪದ, ಹಸಿರು ಕಳೆದು ಬೂದುಬಣ್ಣಕ್ಕೆ ತಿರುಗುತ್ತಿರುವ ಅರೆಬಲಿತ ಭಾಗವನ್ನು ಆರಿಸಬೇಕು. 15ರಿಂದ 20 ಸೆಂಟಿಮೀಟರ್ ಉದ್ದಕ್ಕೆ, ಮೂರ್ನಾಲ್ಕು ಗೆಣ್ಣು ಇರುವಂತೆ ಹರಿತವಾದ ಕತ್ತಿಯಿಂದ ಕತ್ತರಿಸಬೇಕು. ಕೆಳಗಿನ ಕೊಯ್ತ ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿರಲಿ, ಮೇಲಿನದು ನೇರವಾಗಿರಲಿ. ಹೀಗೆ ಮಾಡಿದರೆ ಯಾವುದು ತಲೆ, ಯಾವುದು ಬುಡ ಎಂಬ ಗೊಂದಲ ಉಳಿಯುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮೊದಲ ವರ್ಷ ನಾನು ಎರಡೂ ತುದಿಯನ್ನು ಒಂದೇ ರೀತಿ ಕತ್ತರಿಸಿ, ಎಲೆಗಳನ್ನೆಲ್ಲ ಸವರಿ, ರಾಶಿ ಹಾಕಿ, ಮರುದಿನ ನೆಟ್ಟಿದ್ದೆ. ಅವುಗಳಲ್ಲಿ ಕಾಲುಭಾಗ ತಲೆಕೆಳಗಾಗಿದ್ದವು ಎಂದು ತಿಳಿಯಲು ಒಂದೂವರೆ ತಿಂಗಳು ಬೇಕಾಯಿತು.

ತುದಿಯಲ್ಲಿ ಒಂದೆರಡು ಎಲೆಗಳನ್ನು ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನು ತೆಗೆಯಬೇಕು. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು, ಸುತ್ತಲಿನ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಬೇಕು. ಬೇರು ಬರಿಸುವ ಪುಡಿ ಅಂಗಡಿಯಲ್ಲಿ ಸಿಗುತ್ತದೆಯಾದರೂ ಈ ಗಿಡಕ್ಕೆ ಅದರ ಅಗತ್ಯ ಕಂಡುಬಂದಿಲ್ಲ. ನೆರಳಿನಲ್ಲಿಟ್ಟು, ಮಣ್ಣು ಆರದಂತೆ ನೋಡಿಕೊಂಡರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಚಿಗುರು ಕಂಡ ಕೂಡಲೇ ಬೇರು ಬಂದಿದೆಯೆಂದು ತಿಳಿಯುವುದು ತಪ್ಪು, ಏಕೆಂದರೆ ಕಡ್ಡಿಯಲ್ಲಿ ಉಳಿದಿರುವ ಸತ್ವದಿಂದಲೇ ಮೊದಲ ಜೋಡಿ ಎಲೆ ಅರಳುತ್ತದೆ. ಎರಡನೆಯ ಜೋಡಿ ಬಂದು ಅದು ಬಾಡದೆ ನಿಂತರೆ ಧೈರ್ಯವಾಗಿರಬಹುದು. ಬೇರು ಬಂದಿದೆಯೋ ಇಲ್ಲವೋ ಎಂದು ಕಡ್ಡಿಯನ್ನು ಎಳೆದು ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಆಗಷ್ಟೇ ಮೂಡಿದ ಬಿಳಿಯ ಎಳೆಬೇರು ಆ ಒಂದು ಎಳೆತಕ್ಕೇ ಮುರಿಯುತ್ತದೆ. ಎರಡು ತಿಂಗಳ ಸಸಿಯನ್ನು ಕಾಯಂ ಜಾಗಕ್ಕೆ ವರ್ಗಾಯಿಸಬಹುದು.

ಬೀಜದಿಂದ ಬೆಳೆಸಲು ಬರುವುದಿಲ್ಲವೇ?

ಬರುತ್ತದೆ, ಆದರೆ ಕಾಯಿ ಸಿಗುವುದೇ ಅಪರೂಪ. ಹೂವಿನ ಲೆಕ್ಕಕ್ಕೆ ಹೋಲಿಸಿದರೆ ಕಾಯಿಕಟ್ಟುವುದು ಬಹಳ ಕಡಿಮೆ. ಗದೆಯಾಕಾರದ ಪುಟ್ಟ ಕಾಯಿಯಲ್ಲಿ ಹೆಚ್ಚೆಂದರೆ ನಾಲ್ಕು ಬೀಜಗಳಿರುತ್ತವೆ; ಕಾಯಿ ಒಣಗಿದ ಮೇಲೆ ಪಟ್ಟೆಂದು ಸೀಳಿ ಬೀಜಗಳನ್ನು ದೂರಕ್ಕೆ ಚಿಮ್ಮಿಸುತ್ತದೆ. ಬೀಜ ಬೇಕೇ ಬೇಕೆನ್ನುವವರು ಕಾಯಿ ಕಂದುಬಣ್ಣಕ್ಕೆ ತಿರುಗುವಾಗಲೇ ತೆಳುವಾದ ಬಟ್ಟೆಯ ಚೀಲವನ್ನು ತೆನೆಗೆ ಕಟ್ಟಬೇಕು.

ಯಾವ ಮಣ್ಣು, ಎಷ್ಟು ಬಿಸಿಲು ಬೇಕು?

ಬಯಲುಸೀಮೆಯ ಕೆಂಪು ಮಣ್ಣಿನಲ್ಲಿಯೂ ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿಯೂ ಇದು ಬರುತ್ತದೆ. ಎರೆಮಣ್ಣಿನಲ್ಲಿ ನೆಡುವುದಾದರೆ ಬದುವಿನ ಮೇಲೆ ನೆಡುವುದು ಲೇಸು. ಮಣ್ಣಿನ ಜಾತಿಗಿಂತ ಮುಖ್ಯವಾದದ್ದು ನೀರು ಬಸಿದುಹೋಗುವುದು. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬಿದ್ದರೆ ಪೊದೆ ದಟ್ಟವಾಗುತ್ತದೆ, ಹೂವೂ ಚೆನ್ನಾಗಿ ಬರುತ್ತದೆ. ತೆಂಗು ಅಥವಾ ಅಡಿಕೆ ತೋಟದ ನೆರಳಿನಲ್ಲಿ ಎಲೆಗಳು ಅಗಲವಾಗಿ, ಕಡುಹಸಿರಾಗಿ ಬೆಳೆಯುತ್ತವೆ, ಆದರೆ ರೆಂಬೆಗಳು ಬಡಕಲಾಗಿ ಬೆಳಕಿನ ಕಡೆಗೆ ವಾಲುತ್ತವೆ. ಎಲೆಯೊಂದೇ ಬೇಕಾದವರಿಗೆ ಅದರಿಂದ ನಷ್ಟವೇನಿಲ್ಲ.

ಬಾಲ್ಕನಿಯಲ್ಲಿ ಕುಂಡದಲ್ಲಿಟ್ಟು ಬೆಳೆಸಬಹುದೇ?

ಬೆಳೆಸಬಹುದು. ಕನಿಷ್ಠ 12 ಅಂಗುಲ ಬಾಯಿಯ, ಅಷ್ಟೇ ಆಳದ ಕುಂಡ ಇರಲಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸೇರಿಸಿದರೆ ಸಾಕಾಗುತ್ತದೆ. ಕುಂಡದ ತಳದ ತೂತು ಮುಚ್ಚಿಹೋಗದಂತೆ ಹೆಂಚಿನ ಚೂರೊಂದನ್ನು ಬೋರಲಾಗಿ ಇಡಬೇಕು.

ನೆಲ ಒದ್ದೆಯಾಗದಿರಲೆಂದು ಕುಂಡದ ಕೆಳಗಿಡುವ ತಟ್ಟೆಯೇ ಫ್ಲ್ಯಾಟುಗಳಲ್ಲಿ ಈ ಗಿಡವನ್ನು ಕೊಲ್ಲುವ ಮುಖ್ಯ ಕಾರಣ. ತಟ್ಟೆಯಲ್ಲಿ ನಿಂತ ನೀರು ಬೇರನ್ನು ಉಸಿರುಗಟ್ಟಿಸುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ. ಜೋತುಬಿದ್ದ ಎಲೆಯನ್ನು ನೋಡಿ ನೀರು ಸಾಲದೆಂದು ಭಾವಿಸಿ ಮನೆಯವರು ಇನ್ನೊಂದು ಚೊಂಬು ಸುರಿಯುತ್ತಾರೆ. ಹೀಗೆ ಒಂದೇ ಮಳೆಗಾಲದಲ್ಲಿ ನನ್ನವೇ ಐದು ಕುಂಡಗಳು ಕೊಳೆತುಹೋದವು. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ ನೋಡಿ, ಅಲ್ಲಿ ತೇವವಿದ್ದರೆ ಆ ದಿನ ನೀರು ಬೇಡ.

ನೆಲದಲ್ಲಿರುವ ಗಿಡಕ್ಕೆ ನೀರು, ಗೊಬ್ಬರ ಎಷ್ಟು ಕೊಡಬೇಕು?

ಮೊದಲ ಬೇಸಿಗೆ ದಾಟುವವರೆಗೆ ವಾರಕ್ಕೆ ಒಂದೆರಡು ಸಲ ನೀರು ಕೊಟ್ಟು, ಬುಡಕ್ಕೆ ತರಗೆಲೆ ಮುಚ್ಚಿದರೆ ಸಾಕು. ಆಮೇಲೆ ಅದು ತನ್ನ ಪಾಡಿಗೆ ತಾನು ಬದುಕಿಕೊಳ್ಳುತ್ತದೆ. ಮಳೆಗಾಲದ ಆರಂಭದಲ್ಲಿ ಗಿಡಕ್ಕೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿದರೆ ವರ್ಷದ ಮಾತು ಮುಗಿಯಿತು. ಯೂರಿಯಾ ಹಾಕುವ ಅಗತ್ಯವಿಲ್ಲ. ಹಾಕಿದರೆ ಬರುವ ನೀರುನೀರಾದ ಚಿಗುರಿಗೆ ಹೇನು ಮೊದಲು ಹತ್ತುತ್ತದೆ.

ಯಾವಾಗ, ಎಷ್ಟು ಸವರಬೇಕು?

ಹೂವಿನ ಕಾಲ ಮುಗಿದ ಮೇಲೆ, ಅಂದರೆ ಬೇಸಿಗೆಯ ಕೊನೆಗೆ, ಮೊದಲ ಮಳೆಗೆ ಸ್ವಲ್ಪ ಮುಂಚೆ ಸವರುವುದು ಉತ್ತಮ. ಮೊಣಕಾಲೆತ್ತರಕ್ಕೆ ಕತ್ತರಿಸಿದರೂ ಗಿಡ ಬೇಸರಿಸುವುದಿಲ್ಲ. ಪ್ರತಿ ಗೆಣ್ಣಿನಿಂದಲೂ ಎರಡೆರಡು ಚಿಗುರು ಒಡೆದು ಎರಡು ತಿಂಗಳಲ್ಲಿ ಪೊದೆ ತುಂಬಿಕೊಳ್ಳುತ್ತದೆ. ಸವರದೆ ಬಿಟ್ಟ ಗಿಡದ ಬುಡ ಬೋಳಾಗಿ, ಎಲೆಗಳೆಲ್ಲ ಕೈಗೆಟುಕದ ತುದಿಯಲ್ಲಿ ಸೇರಿಕೊಳ್ಳುತ್ತವೆ. ಮೊದಲ ಸಲ ಸವರುವಾಗ ಮನಸ್ಸು ಹಿಂಜರಿಯುವುದು ಸಹಜ, ಆದರೆ ಕತ್ತಿ ಹಿಡಿದ ಮೇಲೆ ತುದಿಯ ನಾಲ್ಕು ಎಲೆ ಕಿಳ್ಳಿ ಸುಮ್ಮನಾಗುವುದರಿಂದ ಪ್ರಯೋಜನವಿಲ್ಲ.

ಜೀವಂತ ಬೇಲಿಗೆ ಎಷ್ಟು ಅಂತರದಲ್ಲಿ ನೆಡಬೇಕು?

ಒಂದೂವರೆಯಿಂದ ಎರಡು ಅಡಿ ಅಂತರದಲ್ಲಿ, ಸಾಧ್ಯವಾದರೆ ಹೆಣೆದಂತೆ ಎರಡು ಸಾಲಿನಲ್ಲಿ ನೆಡಿ. ಮುಳ್ಳಿಲ್ಲದ ಕಾರಣ ಇದು ಮನುಷ್ಯರನ್ನಾಗಲಿ ನುಗ್ಗುವ ಹಂದಿಯನ್ನಾಗಲಿ ತಡೆಯುವುದಿಲ್ಲ. ದನಕರುಗಳು ಮೇಯ್ದು ಹಾಳುಮಾಡದ ಬೇಲಿ ಎಂಬುದಷ್ಟೇ ಇದರ ಹೆಚ್ಚುಗಾರಿಕೆ. ಸವರಿದ ಸೊಪ್ಪನ್ನು ಎಸೆಯಬೇಡಿ. ಸಾರಜನಕ ಹೇರಳವಾಗಿರುವ ಈ ಸೊಪ್ಪನ್ನು ಭತ್ತದ ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ತುಳಿಯುವ ಪದ್ಧತಿ ಹಿಂದಿನಿಂದಲೂ ಇದೆ. ಸಾವಯವ ಕೃಷಿಕರು ದನ ತಿನ್ನದ ಐದು ಬಗೆಯ ಸೊಪ್ಪನ್ನು ಗಂಜಲದಲ್ಲಿ ಕೊಳೆಹಾಕಿ ಮಾಡುವ ಐದೆಲೆ ಕಷಾಯದಲ್ಲಿ ಬೇವು, ಲಕ್ಕಿ, ಎಕ್ಕಗಳ ಜೊತೆಗೆ ಆಡುಸೋಗೆಯೂ ಸೇರುತ್ತದೆ.

ಇಷ್ಟು ಕಹಿಯಾದ ಗಿಡಕ್ಕೂ ರೋಗ, ಕೀಟ ಬರುತ್ತವೆಯೇ?

ಬರುತ್ತವೆ, ಆದರೆ ಗಾಬರಿಪಡುವ ಮಟ್ಟಕ್ಕೆ ಹೋಗುವುದು ಕಡಿಮೆ. ಎಡೆಬಿಡದ ಮಳೆಯಲ್ಲಿ ಎಲೆಗಳ ಮೇಲೆ ಕಂದು ಚುಕ್ಕೆಗಳು ಮೂಡುತ್ತವೆ. ಅಂಥ ಎಲೆಗಳನ್ನು ಕಿತ್ತು ಸುಟ್ಟು, ಗಾಳಿಯಾಡುವಂತೆ ಪೊದೆಯನ್ನು ಬಿಡಿಸಿದರೆ ಮುಂದಿನ ಚಿಗುರು ಶುದ್ಧವಾಗಿರುತ್ತದೆ. ಕುಂಡದ ಗಿಡಗಳಿಗೆ ಬೇಸಿಗೆಯಲ್ಲಿ ಹಿಟ್ಟು ತಿಗಣೆ ಅಂಟಿಕೊಳ್ಳುವುದುಂಟು. ಗೆಣ್ಣಿನ ಸಂದಿಯಲ್ಲಿ ಹತ್ತಿಯ ತುಣುಕಿನಂತೆ ಕಾಣುವ ಇವನ್ನು ನೀರಿನ ರಭಸಕ್ಕೆ ತೊಳೆದು, ಸಾಬೂನು ನೀರಿಗೆ ಒಂದಿಷ್ಟು ಬೇವಿನೆಣ್ಣೆ ಬೆರೆಸಿ ಸಿಂಪಡಿಸಿದರೆ ಹತೋಟಿಗೆ ಬರುತ್ತವೆ. ಔಷಧಕ್ಕಾಗಿ ಎಲೆ ಕೊಯ್ಯುವ ಗಿಡಕ್ಕೆ ರಾಸಾಯನಿಕ ಕೀಟನಾಶಕವನ್ನು ಯಾವ ಕಾರಣಕ್ಕೂ ಹೊಡೆಯಬಾರದು. ರಸ್ತೆಯಂಚಿನ ಬೇಲಿಯಿಂದ, ಪಕ್ಕದ ಹೊಲಕ್ಕೆ ಔಷಧಿ ಹೊಡೆಯುವ ಜಾಗದಿಂದ ಎಲೆ ತರುವುದೂ ತರವಲ್ಲ.

ಎರಡು ವರ್ಷವಾದರೂ ಹೂವು ಬಂದಿಲ್ಲ, ಏಕೆ?

ಹೆಚ್ಚಿನ ಸಂದರ್ಭಗಳಲ್ಲಿ ನೆರಳು ಕಾರಣ. ಉಳಿದ ಸಂದರ್ಭಗಳಲ್ಲಿ ತಪ್ಪು ಹೊತ್ತಿನಲ್ಲಿ ಸವರಿದ್ದು ಕಾರಣ. ನಮ್ಮಲ್ಲಿ ಹೂವಿನ ಸುಗ್ಗಿ ಚಳಿಗಾಲದಲ್ಲಿ. ಅಕ್ಟೋಬರ್ ನವೆಂಬರಿನಲ್ಲಿ ಬೇಲಿಯನ್ನು ಒಪ್ಪವಾಗಿಸಲು ಹೊರಟವರು ಮೊಗ್ಗು ಕಟ್ಟುವ ತುದಿಗಳನ್ನೇ ಕತ್ತರಿಸಿಹಾಕುತ್ತಾರೆ.

ಹೂವು ಬಂದ ಮೇಲೆ ಒಂದು ಬೆಳಗ್ಗೆ ಅರ್ಧ ಗಂಟೆ ಗಿಡದ ಪಕ್ಕದಲ್ಲಿ ಕುಳಿತು ನೋಡಿ. ಮರ ಕೊರೆಯುವ ಆ ದಪ್ಪ ಕಪ್ಪು ದುಂಬಿ ಗುಂಯ್‌ಗುಟ್ಟುತ್ತ ಬಂದು ಕೆಳತುಟಿಯ ಮೇಲೆ ಇಳಿಯುತ್ತದೆ. ಅದರ ಭಾರಕ್ಕೆ ಹೂವು ಬಾಗುತ್ತದೆ. ಅದು ಮಕರಂದಕ್ಕಾಗಿ ಗಂಟಲಿನೊಳಗೆ ತಲೆ ತೂರಿಸಿದಾಗ ಮೇಲ್ತುಟಿಯ ಅಡಿಯಲ್ಲಿ ಅಡಗಿರುವ ಎರಡು ಕೇಸರಗಳು ಅದರ ಬೆನ್ನಿಗೆ ಪರಾಗವನ್ನು ಬಳಿಯುತ್ತವೆ. ದುಂಬಿ ಮುಂದಿನ ಹೂವಿಗೆ ಹೋಗುವಾಗ ಬೆನ್ನ ಮೇಲಿನ ಬಿಳಿಪುಡಿ ಬರಿಗಣ್ಣಿಗೇ ಕಾಣುತ್ತದೆ. ಕಹಿಯೆಲ್ಲ ಎಲೆಗೆ, ಸಿಹಿಯೆಲ್ಲ ಹೂವಿಗೆ ಎಂಬ ಈ ಏರ್ಪಾಡನ್ನು ಕಂಡವರು ಹೂಗೊಂಚಲನ್ನು ಸುಮ್ಮನೆ ಕಿತ್ತು ಬಿಸಾಡಲಾರರು.

ಎಲೆಯನ್ನು ಯಾವಾಗ ಕೊಯ್ದು ಹೇಗೆ ಒಣಗಿಸಬೇಕು?

ನೆಟ್ಟು ಆರು ತಿಂಗಳಾದ ಮೇಲೆ ಕೊಯ್ಯಲು ತೊಡಗಬಹುದು. ತುದಿಯ ಎಳೆಯದನ್ನೂ ಬುಡದ ಹಳದಿಯಾದದ್ದನ್ನೂ ಬಿಟ್ಟು ನಡುವಿನ ಬಲಿತ ಎಲೆಗಳನ್ನು ಆರಿಸಬೇಕು. ಒಂದೇ ಸಲ ಪೊದೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಇಬ್ಬನಿ ಆರಿದ ಮೇಲೆ ಕೊಯ್ದು, ತೊಳೆದು, ಬಟ್ಟೆಯಲ್ಲಿ ಒರಸಿ, ನೆರಳಿನಲ್ಲಿ ಗಾಳಿಯಾಡುವಂತೆ ಹರಡಿ, ದಿನಕ್ಕೊಮ್ಮೆ ತಿರುವಿಹಾಕಬೇಕು. ಒಣಗಿದ ಎಲೆ ಹಸಿರು ಕಳೆದು ಕಂದುಬಣ್ಣಕ್ಕೆ ತಿರುಗುವುದು ಸಹಜ, ಕೆಟ್ಟಿತೆಂದು ತಿಳಿಯಬೇಕಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಗರಗರನೆ ಪುಡಿಯಾಗಬೇಕು. ನಡುವಿನ ನರ ಬಾಗಿದರೆ ಇನ್ನೂ ಒಂದು ದಿನ ಬಿಡಬೇಕು. ಮಳೆಗಾಲದಲ್ಲಿ ಒಣಗಿಸುವ ಸಾಹಸಕ್ಕೆ ಹೋಗದೆ ಹಸಿ ಎಲೆಯನ್ನೇ ಬಳಸುವುದು ಜಾಣತನ.

ಕೆಮ್ಮಿಗೆ ಇದು ನಿಜವಾಗಿ ಕೆಲಸ ಮಾಡುತ್ತದೆಯೇ, ಅಥವಾ ಅಜ್ಜಿಯ ನಂಬಿಕೆಯೇ?

ಆಡುಸೋಗೆ ಇರುವಾಗ, ಬದುಕುವ ಆಸೆಯೂ ಇರುವಾಗ, ಕೆಮ್ಮಿನವನು ಕ್ಷಯದವನು ಏಕೆ ಕುಗ್ಗಬೇಕು ಎಂಬ ಅರ್ಥದ ಮಾತೊಂದು ಆಯುರ್ವೇದದ ವಲಯದಲ್ಲಿ ಪ್ರಸಿದ್ಧವಾಗಿದೆ. ವಾಸಾವಲೇಹ, ವಾಸಾರಿಷ್ಟ, ವಾಸಾಘೃತಗಳು ಇಂದಿಗೂ ತಯಾರಾಗುತ್ತಿವೆ. ಎಲೆಯ ಕಹಿಗೆ ಕಾರಣವಾದ ಕ್ಷಾರವಸ್ತುಗಳಲ್ಲಿ ಮುಖ್ಯವಾದದ್ದು ವ್ಯಾಸಿಸಿನ್. ಉದಕಮಂಡಲದಲ್ಲಿ ಸರ್ಕಾರಿ ರಸಾಯನತಜ್ಞರಾಗಿದ್ದ ಡೇವಿಡ್ ಹೂಪರ್ 1888ರಲ್ಲಿ ಇದರ ಬಗ್ಗೆ ಬರೆದರು. ಮುಂದೆ ಇದೇ ವಸ್ತುವಿನ ರಚನೆಯನ್ನು ಆಧಾರವಾಗಿಟ್ಟುಕೊಂಡು ಕೃತಕವಾಗಿ ತಯಾರಿಸಿದ ಬ್ರೋಮ್‌ಹೆಕ್ಸಿನ್ 1960ರ ದಶಕದಲ್ಲಿ ಮಾರುಕಟ್ಟೆಗೆ ಬಂದಿತು. ಈಗ ಕೆಮ್ಮಿನ ಸಿರಪ್ಪುಗಳಲ್ಲಿ ಕಾಣುವ ಆಂಬ್ರಾಕ್ಸಾಲ್ ಎಂಬುದು ಬ್ರೋಮ್‌ಹೆಕ್ಸಿನ್ ನಮ್ಮ ದೇಹದಲ್ಲಿ ಮಾರ್ಪಟ್ಟಾಗ ಸಿಗುವ ವಸ್ತು. ಇವುಗಳ ಕೆಲಸ ಗಟ್ಟಿಯಾದ ಕಫವನ್ನು ತೆಳುವಾಗಿಸಿ ಹೊರಬರಲು ಅನುವುಮಾಡುವುದು. ಅಜ್ಜಿಯ ಕಷಾಯಕ್ಕೂ ಔಷಧಿ ಅಂಗಡಿಯ ಬಾಟಲಿಗೂ ಇರುವ ನಂಟು ಇಷ್ಟು ಹತ್ತಿರದ್ದು.

ಮನೆಗಳಲ್ಲಿ ಒಂದೆರಡು ಎಲೆಯನ್ನು ಕಾಳುಮೆಣಸು, ಜೀರಿಗೆ, ಶುಂಠಿಯೊಂದಿಗೆ ಕುದಿಸಿ, ಸೋಸಿ, ಬೆಲ್ಲ ಹಾಕಿ ಕುಡಿಯುವ ರೂಢಿಯಿದೆ. ವೈದ್ಯರು ಎಲೆಯನ್ನು ಅರೆದು, ಉಂಡೆಮಾಡಿ, ಬೇರೆ ಎಲೆಯಲ್ಲಿ ಸುತ್ತಿ, ಮಣ್ಣು ಮೆತ್ತಿ, ಕೆಂಡದಲ್ಲಿ ಸುಟ್ಟು ರಸ ಹಿಂಡುವ ಪುಟಪಾಕ ಕ್ರಮವನ್ನು ಹೇಳುತ್ತಾರೆ, ಏಕೆಂದರೆ ಹಸಿ ಎಲೆ ಸುಲಭಕ್ಕೆ ರಸ ಬಿಡುವುದಿಲ್ಲ. ಪ್ರಮಾಣವನ್ನು ಮಾತ್ರ ನಾನು ಬೇಕೆಂದೇ ಬರೆಯುತ್ತಿಲ್ಲ. ವಯಸ್ಸು, ದೇಹಸ್ಥಿತಿ, ಜೊತೆಗಿರುವ ಬೇರೆ ಔಷಧಿಗಳನ್ನು ನೋಡಿ ವೈದ್ಯರು ಅದನ್ನು ನಿರ್ಧರಿಸಬೇಕು.

ಯಾರು ಇದನ್ನು ಸೇವಿಸಬಾರದು?

ಗರ್ಭಿಣಿಯರು ಸೇವಿಸಲೇಬಾರದು. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುತ್ತದೆ. ಗರ್ಭಪಾತದ ಅಪಾಯ ಮಾತಿಗೆ ಹೇಳುವಂಥದ್ದಲ್ಲ. ಗರ್ಭಿಣಿಗೆ ಶೀತವಾಗಿದೆಯೆಂದು ಅಕ್ಕಪಕ್ಕದವರು ಪ್ರೀತಿಯಿಂದ ಕಷಾಯ ಕಾಯಿಸಿ ತಂದರೂ ಒಲ್ಲೆನೆನ್ನಬೇಕು. ಮೊಲೆಯುಣಿಸುವ ತಾಯಂದಿರಿಗೆ, ಎಳೆಯ ಮಕ್ಕಳಿಗೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವವರಿಗೆ ವೈದ್ಯರನ್ನು ಕೇಳದೆ ಕೊಡುವಂತಿಲ್ಲ. ಹೆಚ್ಚು ಕುಡಿದರೆ ವಾಂತಿ, ಭೇದಿ ಆಗುತ್ತವೆ.

ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆಯ ಜ್ವರ, ತೂಕ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಕಷಾಯ ಕುಡಿಯುತ್ತ ದಿನ ದೂಡಬಾರದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕ್ಷಯದ ಪರೀಕ್ಷೆಯೂ ಚಿಕಿತ್ಸೆಯೂ ಉಚಿತವಾಗಿ ದೊರೆಯುತ್ತವೆ. ಹಿಂದಿನವರು ಕ್ಷಯಕ್ಕೆ ಆಡುಸೋಗೆಯನ್ನು ನಂಬಿದ್ದರು ಎಂಬುದು ನಿಜ. ಅವರಿಗೆ ಬೇರೆ ದಾರಿಯಿರಲಿಲ್ಲ ಎಂಬುದೂ ಅಷ್ಟೇ ನಿಜ.

ಚಿಕ್ಕ ಆಡುಸೋಗೆ ಎಂಬುದು ಬೇರೆ ಗಿಡವೇ?

ಹೌದು, ಅದೇ ಕುಲದ ಇನ್ನೊಂದು ಜಾತಿ. ಎಲ್ಲ ಭಾಗಗಳೂ ಚಿಕ್ಕವು, ಬೆಳವಣಿಗೆ ನಿಧಾನ. ಕೇರಳದ ವೈದ್ಯರು ಚಿಟ್ಟಾಡಲೋಡಗಂ ಎಂಬ ಹೆಸರಿನಿಂದ ಅದನ್ನು ಹೆಚ್ಚಾಗಿ ಬಳಸುತ್ತಾರೆ.

ವಿದೇಶದಲ್ಲಿರುವ ಮಗನ ಮನೆಗೆ ಕಡ್ಡಿ ಒಯ್ಯಬಹುದೇ?

ಸಾಮಾನಿನ ನಡುವೆ ಸುತ್ತಿ ಒಯ್ಯಬೇಡಿ. ಬಹುತೇಕ ದೇಶಗಳು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಜೀವಂತ ಕಡ್ಡಿಯನ್ನು ವಿಮಾನ ನಿಲ್ದಾಣದಲ್ಲಿಯೇ ಕಿತ್ತುಕೊಳ್ಳುತ್ತವೆ, ದಂಡವನ್ನೂ ಹಾಕಬಹುದು. ಅಲ್ಲಿಯ ನರ್ಸರಿಯಲ್ಲಿ ಸಸ್ಯಶಾಸ್ತ್ರದ ಹೆಸರು ಹೇಳಿ ವಿಚಾರಿಸುವುದು ಸರಿಯಾದ ಮಾರ್ಗ. ಹಿಮ ಬೀಳುವ ಊರಾದರೆ ಕುಂಡದಲ್ಲಿ ಬೆಳೆಸಿ, ಚಳಿಗಾಲದಲ್ಲಿ ಬಿಸಿಲು ಬೀಳುವ ಕಿಟಕಿಯ ಬಳಿ ಒಳಗಿಟ್ಟು, ನೀರನ್ನು ತೀರಾ ಕಡಿಮೆಮಾಡಬೇಕು.

ಬೇಸಿಗೆಯಲ್ಲಿ ಊರಿಗೆ ಹೋಗಿ ಬರುವಷ್ಟರಲ್ಲಿ ಗಿಡ ಪೂರ್ತಿ ಒಣಗಿದೆ. ಕಿತ್ತುಹಾಕಬೇಕೇ?

ಅವಸರ ಬೇಡ. ಬುಡದಿಂದ ಒಂದು ಗೇಣು ಮೇಲೆ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಗಿಡ ಬದುಕಿದೆ. ಕಂದುಬಣ್ಣವೇ ಇದ್ದರೆ ಇನ್ನೂ ಕೆಳಗೆ, ಮಣ್ಣಿನ ಅಂಚಿನಲ್ಲಿ ಕೆರೆಯಿರಿ. ಹಸಿರು ಸಿಕ್ಕ ಜಾಗಕ್ಕಿಂತ ಒಂದು ಗೆಣ್ಣು ಮೇಲಕ್ಕೆ ಕತ್ತರಿಸಿ, ಒಂದು ಚೊಂಬು ನೀರು ಹಾಕಿ, ನೆರಳಿಗೆ ಸರಿಸಿ, ಮತ್ತೆ ಮಣ್ಣು ಆರುವವರೆಗೆ ಅದನ್ನು ಮುಟ್ಟಬೇಡಿ. ಎರಡು ಮೂರು ವಾರಗಳಲ್ಲಿ ಗೆಣ್ಣಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಉಬ್ಬು ಕಾಣಿಸಿಕೊಳ್ಳಬೇಕು. ಮೊದಲ ಮಳೆ ಬಿದ್ದು ತಿಂಗಳಾದರೂ ಅದು ಕಾಣದಿದ್ದರೆ ಗಿಡವನ್ನು ಕಿತ್ತು, ಅದೇ ಕುಂಡಕ್ಕೆ ಹೊಸ ಕಡ್ಡಿಯೊಂದನ್ನು, ಓರೆಯಾದ ತುದಿ ಕೆಳಗಿರುವಂತೆ, ನೆಡಬಹುದು.